ಅಜ್ಜನ ಡಬ್ಬದಲ್ಲಿ ಆರು ಮೆಡಲ್, ಎರಡು ನಂಬರ್: ಇವು ಒಬ್ಬರದ್ದಾ, ಇಬ್ಬರದ್ದಾ?

ಹಳೇ_ಟ್ರಂಕು, ಧಾರವಾಡ

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಅಂತ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಟ್ರಂಕು ಕೆಳಗಿಳಿಸಿದೆವು. ಒಳಗೆ ಒಂದು ಉಣ್ಣೆ ಕೋಟು, ಜಿರಲೆ ತಿಂದ ಪಾಸ್‌ಬುಕ್, ಒಂದು ತಗಡಿನ ಬಿಸ್ಕೆಟ್ ಡಬ್ಬ. ಡಬ್ಬದಲ್ಲಿ ಆರು ಮೆಡಲ್. ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದರು ಅನ್ನೋದು ಬಿಟ್ಟರೆ ನಮಗೆ ಏನೂ ಗೊತ್ತಿಲ್ಲ. ಅವರು ತೀರಿಹೋದಾಗ ನನಗೆ ನಾಲ್ಕು ವರ್ಷ.

ಎರಡು ಆರು ಮೂಲೆಯ ನಕ್ಷತ್ರಗಳು, ಹಿತ್ತಾಳೆ ಬಣ್ಣ. ಒಂದರಲ್ಲಿ ಬರ್ಮಾ ಅಂತ ಓದಬಹುದು. ಒಂದು ಬಿಲ್ಲೆಯಲ್ಲಿ ಸಿಂಹ ಯಾವುದೋ ಪ್ರಾಣಿಯನ್ನ ತುಳಿದು ನಿಂತಿದೆ. ಒಂದರಲ್ಲಿ ಅಶೋಕ ಚಕ್ರ, ಅದರ ಮೇಲೆ ಕಿರೀಟ. ಒಂದಕ್ಕೆ ಮೇಲೆ ಪಟ್ಟಿ ಇದೆ, ಜಮ್ಮು ಕಾಶ್ಮೀರ ಅಂತ. ಕೊನೆಯದು 1965ರ ರಕ್ಷಾ ಮೆಡಲ್.

ತಲೆ ಕೆಟ್ಟಿದ್ದು ಎಲ್ಲಿ ಅಂದರೆ, ಮೆಡಲ್‌ಗಳ ಅಂಚಿನಲ್ಲಿ ಸಣ್ಣ ಅಕ್ಷರ ಇದೆ. ಚಕ್ರದ ಮೆಡಲ್‌ನಲ್ಲಿ ಏಳು ಅಂಕಿಯ ನಂಬರ್, 27ರಿಂದ ಶುರು, ಆಮೇಲೆ 'ಎನ್‌ಕೆ', ಆಮೇಲೆ ಅಜ್ಜನ ಹೆಸರು. ಕಾಶ್ಮೀರದ್ದರಲ್ಲಿ ಅದೇ ನಂಬರ್, ಆದರೆ 'ಎಚ್‌ಎವಿ'. 1965ರದ್ದರಲ್ಲಿ ನಂಬರೇ ಬೇರೆ. 'ಜೆಸಿ' ಅಂತ ಶುರುವಾಗುತ್ತದೆ, ಹುದ್ದೆ 'ಸಬ್'. ಹೆಸರಿನ ಸ್ಪೆಲ್ಲಿಂಗ್ ಕೂಡ ಸ್ವಲ್ಪ ಬೇರೆ. ಅಜ್ಜನ ಅಣ್ಣನೋ ತಮ್ಮನೋ ಸೈನ್ಯದಲ್ಲಿ ಇದ್ದರಾ ಅಂತ ಈಗ ಮನೆಯಲ್ಲಿ ಚರ್ಚೆ.

ಇನ್ನೊಂದು ಅರ್ಜೆಂಟ್ ಪ್ರಶ್ನೆ. ಎಲ್ಲ ಕಪ್ಪಾಗಿವೆ. ಅಮ್ಮ ಹುಣಸೆಹಣ್ಣು ನೆನೆಹಾಕಿ ಕೂತಿದ್ದಾಳೆ, ದೀಪದ ಕಂಬದ ಜೊತೆಗೇ ತಿಕ್ಕಿಬಿಡ್ತೀನಿ ಅಂತ. ತಿಕ್ಕಬಹುದಾ?

ರಿಬ್ಬನ್_ರಂಗ, ಮೈಸೂರು

ಅಕ್ಕ, ಮೊದಲು ಆ ಹುಣಸೆಹಣ್ಣಿನ ಬಟ್ಟಲು ಆಚೆ ಇಡಿ. ಆಮೇಲೆ ಮಾತಾಡೋಣ.

ಹುಣಸೆಹಣ್ಣು, ಬೂದಿ, ಬ್ರಾಸೋ ಯಾವುದೂ ಬೇಡ. ನಾನು ಮೊದಮೊದಲು ಮೆಡಲ್ ಸಂಗ್ರಹ ಮಾಡುವಾಗ ಒಂದನ್ನ ಹೀಗೇ ತಿಕ್ಕಿ ಫಳಫಳ ಮಾಡಿದೆ. ಅಂಚಿನ ಅಕ್ಷರ ಅರ್ಧ ಹೋಯಿತು. ಮೆಡಲ್ ಉಳಿಯಿತು, ಮನುಷ್ಯ ಹೋದ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು. ರಿಬ್ಬನ್ ತೊಳೆಯಲೂ ಬೇಡಿ, ಬಣ್ಣ ಬಿಡುತ್ತದೆ.

ಈಗ ನಿಮ್ಮ ಪ್ರಶ್ನೆ. ಇದು ಒಬ್ಬರದ್ದೇ. ಇಬ್ಬರದ್ದಲ್ಲ. ಅಂಚಿನಲ್ಲಿ ಇರುವುದು ಆ ಮೆಡಲ್ ಸಿಕ್ಕ ಕೆಲಸದ ಹೊತ್ತಿಗೆ ಇದ್ದ ನಂಬರ್, ಹುದ್ದೆ, ಹೆಸರು. ಆಮೇಲೆ ಪ್ರಮೋಷನ್ ಆದರೂ ಹಳೆ ಮೆಡಲ್ ಬದಲಾಗುವುದಿಲ್ಲ. ಎನ್‌ಕೆ ಅಂದರೆ ನಾಯಕ್. ಎಚ್‌ಎವಿ ಅಂದರೆ ಹವಾಲ್ದಾರ್. ಸಬ್ ಅಂದರೆ ಸುಬೇದಾರ್. ನಿಮ್ಮ ಅಜ್ಜ ಮೆಟ್ಟಿಲು ಹತ್ತಿದ್ದು ಅಂಚಿನಲ್ಲೇ ಬರೆದಿದೆ. ಸ್ಪೆಲ್ಲಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಹೆಸರುಗಳನ್ನ ಇಂಗ್ಲಿಷಿನಲ್ಲಿ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡ.

ನಕ್ಷತ್ರಗಳು ಎರಡನೇ ಮಹಾಯುದ್ಧದವು. ಕಡುನೀಲಿ, ಕೆಂಪು, ತಿಳಿನೀಲಿ ಮೂರು ಸಮ ಪಟ್ಟಿಯ ರಿಬ್ಬನ್ ಇದ್ದರೆ ಅದು 1939-45 ಸ್ಟಾರ್. ಮಧ್ಯೆ ಅಗಲ ಕೆಂಪು, ಆಚೀಚೆ ಕಡುನೀಲಿ, ಅದರ ನಡುವೆ ಕಿತ್ತಳೆ ಇದ್ದರೆ ಬರ್ಮಾ ಸ್ಟಾರ್. ಇವುಗಳಲ್ಲಿ ಹೆಸರು ಹುಡುಕಬೇಡಿ. ಬ್ರಿಟನ್ ಸರ್ಕಾರ ಆಗ ಹೆಸರು ಹಾಕಿಸದೇ ಹಂಚಿತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರ ಮೆಡಲ್‌ಗಳಲ್ಲಿ ಮಾತ್ರ ಹೆಸರು ನೋಡಿದ್ದೇನೆ. ಸಿಂಹ ತುಳಿದಿರುವುದು ಎರಡು ತಲೆಯ ಡ್ರ್ಯಾಗನ್, ಅದು ವಾರ್ ಮೆಡಲ್.

ಕಿರೀಟದ ಕೆಳಗೆ ಅಶೋಕ ಚಕ್ರ ಇರುವುದು ನನಗೆ ತುಂಬಾ ಇಷ್ಟದ ಮೆಡಲ್. 1947ರ ಸ್ವಾತಂತ್ರ್ಯ ಪದಕ. ಕೇಸರಿ, ಬಿಳಿ, ಹಸಿರು ರಿಬ್ಬನ್. ಒಂದು ಕಡೆ ಆರನೇ ಜಾರ್ಜ್‌ನ ಕಿರೀಟ ಮತ್ತು ನಮ್ಮ ಚಕ್ರ, ಇನ್ನೊಂದು ಕಡೆ ಅಶೋಕನ ಸಿಂಹಗಳು. ದೇಶ ಸ್ವತಂತ್ರ, ಆದರೆ ರಾಜ ಇನ್ನೂ ಹೋಗಿಲ್ಲ. ಆ ಎರಡೂವರೆ ವರ್ಷದ ಗೊಂದಲ ಒಂದು ಬಿಲ್ಲೆಯಲ್ಲಿ ಕೂತಿದೆ.

ಸುಬೇದಾರ್_ಮಾಮ, ಬೆಂಗಳೂರು

ನಾನು ಮದ್ರಾಸ್ ಸ್ಯಾಪರ್ಸ್‌ನಿಂದ, ಅಂದರೆ ಸೈನ್ಯದ ಎಂಜಿನಿಯರ್ ಪಡೆಯಿಂದ ನಿವೃತ್ತ, ಹಲಸೂರು ಕೆರೆ ಪಕ್ಕದ ಸೆಂಟರ್‌ನವನು. ರಂಗ ಅವರು ಹೇಳಿದ್ದು ಸರಿ. ಎರಡು ನಂಬರ್ ಯಾಕೆ ಅಂತ ನಾನು ಹೇಳುತ್ತೇನೆ.

ಸಿಪಾಯಿಯಾಗಿ ಭರ್ತಿ ಆದ ದಿನ ಒಂದು ನಂಬರ್ ಕೊಡುತ್ತಾರೆ. 27ರಿಂದ ಶುರುವಾಗುವ ಏಳು ಅಂಕಿ ಅಂದರೆ ಮರಾಠಾ. ಮದ್ರಾಸ್ ರೆಜಿಮೆಂಟಿಗೆ 25, ಗ್ರೆನೇಡಿಯರ್ಸ್‌ಗೆ 26. ಹೆಂಡತಿ ಮಕ್ಕಳ ಹುಟ್ಟುಹಬ್ಬ ಮರೆತರೂ ಆ ನಂಬರ್ ಮರೆಯುವುದಿಲ್ಲ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ಇಲ್ಲಿಯವರೆಗೂ ಅದೇ ನಂಬರ್. ಅಲ್ಲಿಂದ ಮೇಲೆ ಜೆಸಿಒ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್. ಅವತ್ತು ಹಳೆ ನಂಬರ್ ಬಿಟ್ಟು ಜೆಸಿ ಅಂತ ಹೊಸ ನಂಬರ್ ಬರುತ್ತದೆ. ತೋಳಿನ ಪಟ್ಟಿ ಹೋಗಿ ಹೆಗಲಿಗೆ ಸ್ಟಾರ್ ಬರುತ್ತದೆ. ಊಟ ಬೇರೆ ಮೆಸ್ಸಿನಲ್ಲಿ. ನಿನ್ನೆವರೆಗೆ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಿದ್ದವರು ಇವತ್ತು 'ಸಾಬ್' ಅನ್ನುತ್ತಾರೆ. ಸಂತೋಷ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ವಾರ ಊಟ ಸೇರಲಿಲ್ಲ ನನಗೆ.

ತಂಗಿ, ಇನ್ನೊಂದು ವಿಷಯ. ನಿಮ್ಮ ಅಜ್ಜನಿಗೆ ರಕ್ಷಾ ಮೆಡಲ್ ಇದೆ, ಸಮರ ಸೇವಾ ಸ್ಟಾರ್ ಇಲ್ಲ. ಸ್ಟಾರ್ ಕೊಡುತ್ತಿದ್ದುದು 1965ರ ಯುದ್ಧದ ಪ್ರದೇಶದಲ್ಲಿ ಇದ್ದವರಿಗೆ. ಹಾಗಾದರೆ ಅವರು ಆಗ ಮುಂಚೂಣಿಯಲ್ಲಿ ಇರಲಿಲ್ಲ. ಹಳೆ ಸುಬೇದಾರ್, ಬರ್ಮಾ ನೋಡಿದವರು. ಬೆಳಗಾವಿ ಸೆಂಟರ್‌ನಲ್ಲಿ ಹುಡುಗರಿಗೆ ಟ್ರೇನಿಂಗ್ ಕೊಡುತ್ತಿದ್ದರು ಅಂತ ನನ್ನ ಊಹೆ. ಮನೆಯಲ್ಲಿ ಕೇಳಿ ನೋಡಿ.

ಹಳೇ_ಟ್ರಂಕು

ಮಾಮ, ಮೈ ಜುಮ್ಮೆಂದಿತು! ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹುಟ್ಟಿದ್ದು 1958ರಲ್ಲಿ. ಒಂದನೇ ಎರಡನೇ ಕ್ಲಾಸು ಬೆಳಗಾವಿ ಕ್ಯಾಂಪಿನಲ್ಲಿ ಓದಿದ್ದಂತೆ. "ಅಪ್ಪ ಬೆಳಿಗ್ಗೆ ಮೈದಾನದಲ್ಲಿ ಒದರೋದು ಮನಿಗೆ ಕೇಳಿಸ್ತಿತ್ತು" ಅಂತ ನೆನಪು ಮಾಡಿಕೊಂಡಳು. ಯುದ್ಧ ನಡೆಯುವಾಗ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೂ ನೆನಪಿದೆಯಂತೆ.

ಒಂದು ಅನುಮಾನ. ಊರಲ್ಲಿ ಹಳಬರು ಅಜ್ಜನನ್ನ "ಜಮಾದಾರರು" ಅಂತ ಕರೆಯುತ್ತಿದ್ದರು. ನಾವು ಚಿಕ್ಕವರಿದ್ದಾಗ ಅದು ಕೇಳಿ ನಾಚಿಕೆ ಆಗುತ್ತಿತ್ತು. ಜಮಾದಾರ ಅಂದರೆ ಆಫೀಸಿನಲ್ಲಿ ಬಾಗಿಲು ಕಾಯುವವರು ಅಲ್ವಾ ಅಂತ.

ಸುಬೇದಾರ್_ಮಾಮ

ನಾಚಿಕೆ ಪಡುವ ಮಾತೇ ಅಲ್ಲ. ಜೆಸಿಒಗಳಲ್ಲಿ ಮೊದಲ ಮೆಟ್ಟಿಲಿಗೆ ಆಗ ಜಮಾದಾರ್ ಅಂತಲೇ ಹೆಸರು. 1965ರಲ್ಲಿ ಅದನ್ನ ನಾಯಬ್ ಸುಬೇದಾರ್ ಅಂತ ಬದಲು ಮಾಡಿದರು. ನಿಮ್ಮ ಕಡೆ ಎಷ್ಟು ಮನೆತನಗಳಿಗೆ ಜಮಾದಾರ, ಹವಾಲ್ದಾರ, ಸುಬೇದಾರ, ಕಿಲ್ಲೇದಾರ ಅಂತ ಅಡ್ಡಹೆಸರು ಇದೆ ನೋಡಿ. ಎಲ್ಲ ದಂಡಿನ ಹುದ್ದೆಗಳೇ.

ಪ್ರಶ್ನೆ_ಪರಮೇಶಿ

ಹಾಗಾದರೆ ಅವರ ಅಜ್ಜ ಆಫೀಸರ್ರಾ, ಜವಾನರಾ? ಒಂದು ಕಡೆ ಸಾಬ್ ಅಂತೀರಿ, ಇನ್ನೊಂದು ಕಡೆ ಸಿಪಾಯಿ ಅಂತೀರಿ. ಅಂದಹಾಗೆ ನಮ್ಮಲ್ಲಿ 'ಜವಾನ' ಅಂದರೂ ಫೈಲು ಹೊರುವವರೇ. ದೇಶ ಕಾಯುವವರಿಗೆ ಬೇರೆ ಶಬ್ದ ಹುಡುಕಬೇಕಪ್ಪ.

ಮಡಿಕೇರಿ_ಮಂಜು

ಪರಮೇಶಿ, ಜೆಸಿಒ ಅಂದರೆ ನಡುಮನೆ ಇದ್ದ ಹಾಗೆ. ಅಂಗಳವೂ ಅಲ್ಲ, ದೇವರ ಕೋಣೆಯೂ ಅಲ್ಲ. ಆದರೆ ಮನೆ ನಡೆಯುವುದು ಅಲ್ಲಿಂದಲೇ. ಸಿಪಾಯಿಗಳ ಕಷ್ಟ ಆಫೀಸರಿಗೆ ಮುಟ್ಟಿಸುವುದು, ಆಫೀಸರನ ಆರ್ಡರ್ ಸಿಪಾಯಿಗಳಿಗೆ ಅರ್ಥ ಆಗುವ ಹಾಗೆ ಹೇಳುವುದು, ಎರಡೂ ಅವರೇ.

ನಮ್ಮ ಕೊಡಗಿನಲ್ಲಿ ಮಿಲಿಟ್ರಿ ಅಂದರೆ ಎಲ್ಲರಿಗೂ ಕಾರ್ಯಪ್ಪ, ತಿಮ್ಮಯ್ಯ ನೆನಪಾಗುತ್ತಾರೆ. ಅವರು ನೇರ ಆಫೀಸರಾಗಿ ಹೋದವರು, ಕಾರ್ಯಪ್ಪನವರ ಕಮಿಷನ್, ಅಂದರೆ ಆಫೀಸರ್ ಆಗಿ ನೇಮಕ, 1919ರದ್ದು. ಸಿಪಾಯಿಯಾಗಿ ಸೇರಿ ಆಫೀಸರ್ ಆದವರ ದಾರಿಯೇ ಬೇರೆ. ಕರ್ನಾಟಕದಲ್ಲಿ ಅಂಥವರು ಯಾರಾದರೂ ದೊಡ್ಡ ಹೆಸರು ಇದ್ದಾರಾ?

ಕಾರವಾರ_ಕಡಲು

ಇದ್ದಾರಾ ಅಂತ ಕೇಳ್ತೀರಲ್ಲ ಮಂಜು! ಪರಮವೀರ ಚಕ್ರವೇ ಇದೆ. ರಾಮಾ ರಾಘೋಬಾ ರಾಣೆ. ನಮ್ಮ ಕಾರವಾರದ ಚೆಂಡಿಯಾ ಊರಿನವರು.

ಕಾರವಾರಕ್ಕೆ ಬಂದವರು ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಂ ನೋಡುತ್ತಾರೆ, ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ರಾಣೆಯವರ ಪ್ರತಿಮೆ ಇದೆ. ನಾನು ಸಂಜೆ ಅಲ್ಲೇ ವಾಕಿಂಗ್ ಹೋಗುವುದು. ಭೇಲ್‌ಪುರಿ ಪೊಟ್ಟಣ ಹಿಡಿದುಕೊಂಡು ಪ್ರತಿಮೆಯ ಕಟ್ಟೆ ಮೇಲೆ ಕೂತವರನ್ನ ಎಷ್ಟೋ ಸಲ ಕೇಳಿದ್ದೇನೆ, ಇವರು ಯಾರು ಗೊತ್ತಾ ಅಂತ. "ಯಾರೋ ಮಿಲಿಟ್ರಿಯವರು" ಅನ್ನುತ್ತಾರೆ. ಅದೇ ಮಾತು ಪ್ರತಿ ಸಲ.

ಹುಟ್ಟಿದ್ದು 1918ರ ಜೂನ್ 26. ಅಪ್ಪ ಪೊಲೀಸ್ ಕಾನ್‌ಸ್ಟೆಬಲ್. ಅಪ್ಪನಿಗೆ ವರ್ಗ ಆದ ಕಡೆಯೆಲ್ಲ ಶಾಲೆ ಬದಲಾಗುತ್ತಿತ್ತು. 1930ರ ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ ಹುಡುಗ ಆ ಕಡೆ ವಾಲುತ್ತಿದ್ದಾನೆ ಅಂತ ಅಪ್ಪ ಹೆದರಿ ಸಂಸಾರವನ್ನ ಚೆಂಡಿಯಾಕ್ಕೆ ವಾಪಸ್ ತಂದರಂತೆ. ಹತ್ತು ವರ್ಷದ ಮೇಲೆ, 1940ರ ಜುಲೈ 10ಕ್ಕೆ, ಆ ಹುಡುಗ ಬ್ರಿಟಿಷರ ಸೈನ್ಯಕ್ಕೇ ಭರ್ತಿಯಾದ. ಬಾಂಬೆ ಎಂಜಿನಿಯರ್ಸ್. ಸಿಪಾಯಿಯಾಗಿ.

ಸುಬೇದಾರ್_ಮಾಮ

ಕಡಲು ಅವರೇ, ನೀವು ಶುರು ಮಾಡಿದಿರಿ, ನಾನು ಸುಮ್ನೆ ಇರಲಾರೆ. ನಾವು ಮದ್ರಾಸ್ ಸ್ಯಾಪರ್ಸ್, ಅವರು ಬಾಂಬೆ ಸ್ಯಾಪರ್ಸ್. ಒಬ್ಬರನ್ನೊಬ್ಬರು ಹೊಗಳುವ ರೂಢಿ ಇಲ್ಲ. ಆದರೂ ರಾಣೆ ಸಾಬ್ ವಿಷಯ ಬೇರೆ.

ಟ್ರೇನಿಂಗ್‌ನಲ್ಲಿ ಅವರ ಬ್ಯಾಚಿಗೇ ಬೆಸ್ಟ್ ರಿಕ್ರೂಟ್, ಕಮಾಂಡೆಂಟರ ಬೆತ್ತ ಅವರಿಗೇ ಸಿಕ್ಕಿತು. ಅಲ್ಲಿಂದ 28ನೇ ಫೀಲ್ಡ್ ಕಂಪನಿ, ಬರ್ಮಾ. ನಮ್ಮ ಸೈನ್ಯ ಹಿಂದೆ ಸರಿಯುವಾಗ ಬುಥಿಡಾಂಗ್‌ನಲ್ಲಿ ಒಂದಷ್ಟು ಜನ ಉಳಿದು, ಶತ್ರುವಿಗೆ ಉಪಯೋಗ ಆಗುವಂಥದ್ದನ್ನೆಲ್ಲ ಉಡಾಯಿಸಿ ಬರಬೇಕಿತ್ತು. ಉಳಿದವರಲ್ಲಿ ರಾಣೆ ಒಬ್ಬರು. ಕರೆದೊಯ್ಯಬೇಕಿದ್ದ ನೌಕೆ ಸಿಗಲಿಲ್ಲ. ಜಪಾನಿಯರು ಪಹರೆ ಹಾಕಿದ್ದ ಹೊಳೆ ದಾಟಿ, ತಾವೇ ದಾರಿ ಹುಡುಕಿಕೊಂಡು ಬಂದು ಡಿವಿಷನ್ ಸೇರಿಕೊಂಡರು. ಆಮೇಲೆ ಹವಾಲ್ದಾರ್ ಆದರು.

ಕಮಿಷನ್ ಸಿಕ್ಕಿದ್ದು 1947ರ ಡಿಸೆಂಬರ್ 15. ಅಂದರೆ ಏಳು ವರ್ಷಕ್ಕೂ ಜಾಸ್ತಿ ಸಿಪಾಯಿ, ಹವಾಲ್ದಾರ್ ಆಗಿ ದುಡಿದು, 29ನೇ ವಯಸ್ಸಿಗೆ ಸೆಕೆಂಡ್ ಲೆಫ್ಟಿನೆಂಟ್. ಉಳಿದ ಸೆಕೆಂಡ್ ಲೆಫ್ಟಿನೆಂಟ್‌ಗಳಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಮೀಸೆ ಸರಿಯಾಗಿ ಮೂಡಿರುವುದಿಲ್ಲ.

ನಾಲ್ಕು ತಿಂಗಳೂ ತುಂಬಿರಲಿಲ್ಲ. 1948ರ ಏಪ್ರಿಲ್. ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ. ನೌಶೇರಾದಿಂದ ರಾಜೌರಿಗೆ ಹೋಗಬೇಕು. ಮೊಗಲರು ಕಾಶ್ಮೀರಕ್ಕೆ ಹೋಗುತ್ತಿದ್ದ ಹಳೇ ದಾರಿ, ಇಕ್ಕಟ್ಟು. ಏಪ್ರಿಲ್ 8ಕ್ಕೆ ಡೋಗ್ರಾ ಪಡೆ ಬರವಾಲಿ ಬೆಟ್ಟ ಹಿಡಿಯಿತು. ಅದರ ಮುಂದೆ ರಸ್ತೆ ತುಂಬಾ ಮೈನು (ಮಣ್ಣಲ್ಲಿ ಹೂತಿಟ್ಟ ಸ್ಫೋಟಕ), ಅಡ್ಡಡ್ಡ ಕಡಿದು ಉರುಳಿಸಿದ ಪೈನ್ ಮರ. ಟ್ಯಾಂಕು ಹೋಗುವುದಕ್ಕಿಲ್ಲ. ರಾಣೆಯವರ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ತಂಡ ಕೆಲಸಕ್ಕೆ ಇಳಿಯಿತು. ಇಳಿದ ಕೂಡಲೇ ಮಾರ್ಟರ್ ಗುಂಡು ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಅವತ್ತೇ ಸಂಜೆಯೊಳಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು.

ಹಳೇ_ಟ್ರಂಕು

ಮಾಮ, ಮೈನು ತೆಗೆಯುವುದು ಅಂದರೆ ಕೈಯಲ್ಲೇನಾ? ಮಷೀನು ಇರಲಿಲ್ಲವಾ?

ಸುಬೇದಾರ್_ಮಾಮ

ಮಷೀನು ಇರಲಿ ಬಿಡಲಿ, ಕೊನೆಗೆ ಕೈಯೇ. ನಮಗೆ ಕಲಿಸಿದ್ದು ಹೀಗೆ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಬೇಕು. ಬಾಯೊನೆಟ್ಟನ್ನ ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ಮಣ್ಣಿನೊಳಗೆ ಮೆಲ್ಲಗೆ ಜಾರಿಸಿದ ಹಾಗೆ. ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿ ಮೇಲೆ ಒತ್ತಡ ಬೀಳುತ್ತದೆ. ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತದೆ. ಕಲ್ಲು ತಾಗಿದರೆ ಒಂಥರಾ, ಲೋಹ ತಾಗಿದರೆ ಒಂಥರಾ. ಬೆರಳಿಗೆ ಗೊತ್ತಾಗುತ್ತದೆ. ತಾಗಿದ ಮೇಲೆ ಮಣ್ಣನ್ನ ಬೆರಳಲ್ಲೇ ಸರಿಸಬೇಕು, ಮಗುವಿನ ಮುಖದ ಮೇಲಿನ ಕೂದಲು ಸರಿಸಿದ ಹಾಗೆ. ಬೆವರು ಕಣ್ಣಿಗೆ ಇಳಿಯುತ್ತದೆ, ಒರೆಸಿಕೊಳ್ಳುವ ಹಾಗಿಲ್ಲ. ನಮ್ಮದು ಟ್ರೇನಿಂಗ್ ಮೈದಾನ, ಸುತ್ತ ಉಸ್ತಾದರು. ಅವರಿಗೆ ಸುತ್ತ ಗುಂಡು.

ಅದಕ್ಕೇ ಟ್ಯಾಂಕಿನ ಉಪಾಯ. ಮುಂದಿನ ಟ್ಯಾಂಕಿನ ಹೊಟ್ಟೆ ಕೆಳಗೆ ನುಸುಳಿ, ಅದೇ ಸೂರು ಅಂದುಕೊಂಡು, ಟ್ಯಾಂಕಿನ ಜೊತೆಗೇ ತೆವಳುತ್ತಾ ಮೈನು ತೆಗೆದರು ಅಂತ ನಮ್ಮ ಕೋರ್‌ನಲ್ಲಿ ಎಲ್ಲರಿಗೂ ಹೇಳುತ್ತಾರೆ. ಮೇಲಿನ ಡ್ರೈವರಿಗೂ ಕೆಳಗಿನ ರಾಣೆಗೂ ನಡುವೆ ಎರಡು ಹಗ್ಗ. ಒಂದು ಎಳೆದರೆ ನಿಲ್ಲು, ಇನ್ನೊಂದು ಎಳೆದರೆ ಮುಂದೆ ಬಾ. ಸೆಂಟ್ರಲ್ ಇಂಡಿಯಾ ಹಾರ್ಸ್ ಅನ್ನೋ ಟ್ಯಾಂಕ್ ಪಡೆಯ ಸ್ಟುವರ್ಟ್ ಟ್ಯಾಂಕುಗಳು. ಡ್ರೈವರಿಗೆ ಕೆಳಗೆ ಏನೂ ಕಾಣುವುದಿಲ್ಲ. ಹಗ್ಗ ತಪ್ಪಿ ಎಳೆದರೆ ಮೈನು ಬೇಕಿಲ್ಲ, ಟ್ಯಾಂಕಿನ ಚೈನೇ ಸಾಕು.

ಹೀಗೆ ಏಪ್ರಿಲ್ 8ರಿಂದ 11ರವರೆಗೆ. ಕಾಲಿಗೆ ಗಾಯ, ಪಟ್ಟಿ ಕಟ್ಟಿಕೊಂಡೇ. ಕೊನೆಯ ದಿನ ಒಂದೇ ಸಮನೆ 17 ತಾಸು ಕೆಲಸ. ಚಿಂಗಸ್‌ವರೆಗೆ ದಾರಿ ಆಯಿತು. ಮರುದಿನ, 12ಕ್ಕೆ, ಸೈನ್ಯ ರಾಜೌರಿ ಸೇರಿತು.

ಪ್ರಶಸ್ತಿ ದಾಖಲೆಯಲ್ಲಿ 'ಸೆಕೆಂಡ್ ಲೆಫ್ಟಿನೆಂಟ್' ಅಂತ ಇದೆ. ಸರಿ. ನನ್ನ ಅಭಿಪ್ರಾಯ ಕೇಳಿದರೆ, ಹೆಗಲ ಮೇಲಿನ ಸ್ಟಾರ್ ನಾಲ್ಕು ತಿಂಗಳದ್ದು. ಮಣ್ಣಿನೊಳಗಿನ ಆ ಬೆರಳು ಹವಾಲ್ದಾರನದ್ದು.

ರಿಬ್ಬನ್_ರಂಗ

ಮಾಮ, ಈ ಮಾತನ್ನ ಚೌಕಟ್ಟು ಹಾಕಿಸಿ ಇಡುತ್ತೇನೆ.

ಮೆಡಲ್ ವಿಷಯ ಸ್ವಲ್ಪ ಸೇರಿಸುತ್ತೇನೆ. ಪರಮವೀರ ಚಕ್ರ ನೋಡಲು ತೀರಾ ಸಾದಾ. ಕಂಚು, ಅಗಲ ಒಂದೂಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ. ಮಧ್ಯೆ ರಾಷ್ಟ್ರ ಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ. ಬರೀ ನೇರಳೆ ರಿಬ್ಬನ್, ಒಂದು ಗೆರೆಯೂ ಇಲ್ಲ. ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿನಿಂದ ಯುರೋಪಿನವರು, ಮದುವೆಯಾಗಿದ್ದು ಇಲ್ಲಿನ ಸೇನಾಧಿಕಾರಿಯನ್ನ. ವಜ್ರಾಯುಧ ಯಾಕೆ ಅಂದರೆ ದಧೀಚಿ ಋಷಿ ತನ್ನ ಬೆನ್ನುಮೂಳೆಯನ್ನೇ ಅದಕ್ಕೆ ಕೊಟ್ಟ ಕಥೆ. ಪದಕ ಜಾರಿಗೆ ಬಂದಿದ್ದು 1950ರ ಜನವರಿ 26. ಆದರೆ 1947ರ ಆಗಸ್ಟ್ 15ರಿಂದಲೇ ಲೆಕ್ಕ. ಅದಕ್ಕೇ 1948ರ ರಾಣೆಯವರಿಗೆ ಕೊಡಲು ಆಯಿತು. ಇಲ್ಲಿಯವರೆಗೆ ಕೊಟ್ಟಿದ್ದು 21 ಮಾತ್ರ, ಅದರಲ್ಲಿ 14 ಮರಣೋತ್ತರ. ರಾಣೆ ಬದುಕಿದ್ದು ಪಡೆದ ಏಳು ಜನರಲ್ಲಿ ಒಬ್ಬರು.

ಮೆಡಲ್ ಪ್ರಪಂಚದಲ್ಲಿ ಚಿನ್ನ ಬೆಳ್ಳಿ ನೋಡಿ ಬೆಲೆ ಕಟ್ಟುವವರು ಹೊಸಬರು. ಎಲ್ಲಕ್ಕಿಂತ ದೊಡ್ಡದು ಕಂಚಿನದ್ದೇ ಇರುತ್ತದೆ.

ಪ್ರಶ್ನೆ_ಪರಮೇಶಿ

ಒಪ್ಪಿದೆ. ಆದರೆ ಇಷ್ಟು ಮಾಡಿದವರು ಕೊನೆಗೆ ಏನಾಗಿ ನಿವೃತ್ತರಾದರು? ಜನರಲ್ ಆದರಾ?

ಕಾರವಾರ_ಕಡಲು

ಮೇಜರ್. 1968ರಲ್ಲಿ. 28 ವರ್ಷದ ನೌಕರಿ, ಐದು ಸಲ ಡಿಸ್ಪ್ಯಾಚ್‌ನಲ್ಲಿ, ಅಂದರೆ ಸೈನ್ಯದ ವರದಿಯಲ್ಲಿ, ಮೆಚ್ಚಿ ಹೆಸರು. 1994ರ ಜುಲೈನಲ್ಲಿ ಪುಣೆಯಲ್ಲಿ ತೀರಿಕೊಂಡರು.

ಪ್ರಶ್ನೆ_ಪರಮೇಶಿ

ನೋಡಿದ್ರಾ! ಪರಮವೀರ ಚಕ್ರ ಇದ್ದರೂ ಮೇಜರ್‌ಗೇ ನಿಲ್ಲಿಸಿದರು. ಕೆಳಗಿಂದ ಬಂದವರನ್ನ ಮೇಲೆ ಬಿಡುವುದಿಲ್ಲ. ಸೈನ್ಯ ಇರಲಿ, ಬ್ಯಾಂಕ್ ಇರಲಿ, ಎಲ್ಲ ಕಡೆ ಇದೇ ಕಥೆ.

ಮಡಿಕೇರಿ_ಮಂಜು

ಪರಮೇಶಿ, ಬೆಂಕಿ ಹಚ್ಚೋದರಲ್ಲಿ ನೀನು ನಿಸ್ಸೀಮ. ಮೆಡಲ್ ಬೇರೆ, ಪ್ರಮೋಷನ್ ಬೇರೆ ಮಾರಾಯ. ಮೆಡಲ್ ಹಿಂದೆ ಮಾಡಿದ್ದಕ್ಕೆ. ಪ್ರಮೋಷನ್ ಮುಂದೆ ಮಾಡಬೇಕಾದ್ದಕ್ಕೆ. ಆಫೀಸರ್ ಸೀನಿಯಾರಿಟಿ ಎಣಿಸುವುದು ಕಮಿಷನ್ ದಿನದಿಂದ. 29ಕ್ಕೆ ಶುರು ಮಾಡಿದವರು 20ಕ್ಕೆ ಶುರು ಮಾಡಿದವರ ಹಿಂದೆಯೇ ಇರುತ್ತಾರೆ. ನಿವೃತ್ತಿ ವಯಸ್ಸು ಬಂದಾಗ ಇವರು ಇನ್ನೂ ಅರ್ಧ ದಾರಿಯಲ್ಲಿ. ಅದು ದ್ವೇಷ ಅಲ್ಲ, ಲೆಕ್ಕ.

ಸುಬೇದಾರ್_ಮಾಮ

ಮಂಜು ಹೇಳಿದ ಲೆಕ್ಕ ಸರಿ. ಪರಮೇಶಿ ಹೇಳಿದ್ದು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಮೆಸ್ಸಿನಲ್ಲಿ ಚಮಚ ಹಿಡಿಯುವುದು, ಇಂಗ್ಲಿಷಿನಲ್ಲಿ ಜೋಕ್ ಹೇಳುವುದು, ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ ಅಂತಾರೆ. ಬರುತ್ತವೆ. ಈಗ ಕಮ್ಮಿ ಆಗಿದೆ.

ತಂಬಿ_ಅಣ್ಣ, ಕೋಲಾರ

ನಮ್ಮ ಮನೆಯಲ್ಲೇ ನಡೆಯುತ್ತಿರುವ ಕಥೆ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ತಮ್ಮ ಪಿಯುಸಿ ಮುಗಿಸಿ ಸಿಪಾಯಿಯಾಗಿ ಸೇರಿದ. ಈಗ ಡೆಹ್ರಾಡೂನಿನ ಎಸಿಸಿಯಲ್ಲಿ ಇದ್ದಾನೆ. ಆರ್ಮಿ ಕೆಡೆಟ್ ಕಾಲೇಜು. ಸಿಪಾಯಿಗಳು ಆಫೀಸರ್ ಆಗಲು ಈಗ ಇರುವ ಮುಖ್ಯ ದಾರಿ ಇದು. ಪರೀಕ್ಷೆ ಬರೆಯಬೇಕು, ಆಮೇಲೆ ಎಸ್‌ಎಸ್‌ಬಿ, ಅಂದರೆ ಆಫೀಸರ್ ಆಯ್ಕೆ ಮಂಡಳಿಯ ಸಂದರ್ಶನ. ಪಾಸಾದರೆ ಮೂರು ವರ್ಷ ಎಸಿಸಿಯಲ್ಲಿ ಓದು, ಜೆಎನ್‌ಯು ಡಿಗ್ರಿ ಸಿಗುತ್ತದೆ. ಆಮೇಲೆ ಒಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿ, ನೇರ ಬಂದ ಹುಡುಗರ ಜೊತೆಗೇ.

ಮೊದಲ ಸಲ ತಮ್ಮ ಎಸ್‌ಎಸ್‌ಬಿಯಲ್ಲಿ ಫೇಲಾದ. ಅವನು ಹಣ ಕಟ್ಟಿದ್ದ ಕೋಚಿಂಗ್‌ನವರು ಎಲ್ಲದಕ್ಕೂ ಸಿದ್ಧ ಉತ್ತರ ಬಾಯಿಪಾಠ ಮಾಡಿಸಿದ್ದರು. "ನಿನ್ನ ಬಗ್ಗೆ ಹೇಳು" ಅಂದರೆ ಯಾರದ್ದೋ ಜೀವನ ಒಪ್ಪಿಸಿ ಬಂದ. ಎರಡನೇ ಸಲ ಕೋಚಿಂಗ್ ಬಿಟ್ಟು, ರಾತ್ರಿ ಡ್ಯೂಟಿಯಲ್ಲಿ ಪೋಸ್ಟಿಗೆ ನೀರು ಹೊತ್ತಿದ್ದು, ಹಿಮದಲ್ಲಿ ಜನರೇಟರ್ ಸ್ಟಾರ್ಟ್ ಆಗದೆ ಪಟ್ಟ ಪಾಡು, ಅದನ್ನೇ ಹೇಳಿದನಂತೆ. ಪಾಸಾದ. ಈಗ ಅಪ್ಪ ಊರಲ್ಲೆಲ್ಲ "ಮಗ ಕಾಲೇಜಿಗೆ ಹೋಗ್ತಾ ಇದ್ದಾನೆ, ಸಂಬಳಾನೂ ಕೊಡ್ತಾರೆ" ಅಂತ ಹೇಳಿಕೊಂಡು ಓಡಾಡುತ್ತಾರೆ.

ರಿಬ್ಬನ್_ರಂಗ

ಎಸಿಸಿಗೆ ಒಳ್ಳೆ ಚರಿತ್ರೆ ಇದೆ. 1929ರಲ್ಲಿ ನೌಗಾಂಗ್‌ನಲ್ಲಿ ಕಿಚನರ್ ಕಾಲೇಜು ಅಂತ ಶುರುವಾಯಿತು. 1960ರಲ್ಲಿ ಎಸಿಸಿ ಅಂತ ಹೆಸರಾಯಿತು. ಪುಣೆಗೆ ಹೋಗಿ, 1977ಕ್ಕೆ ಡೆಹ್ರಾಡೂನಿಗೆ ಬಂತು.

ತಂಬಿ ಅವರೇ, ನಿಮ್ಮ ತಮ್ಮನಿಗೆ ಇನ್ನೊಂದು ಹೆಸರು ಹೇಳಿ. ಹೋಶಿಯಾರ್ ಸಿಂಗ್. 1957ರಲ್ಲಿ ಜಾಟ್ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿ, 1963ರಲ್ಲಿ ಗ್ರೆನೇಡಿಯರ್ಸ್‌ನಲ್ಲಿ ಆಫೀಸರ್ ಆದವರು. 1971ರ ಡಿಸೆಂಬರ್‌ನಲ್ಲಿ ಬಸಂತರ್ ಹೊಳೆಯ ಯುದ್ಧದಲ್ಲಿ ಪರಮವೀರ ಚಕ್ರ. ಅವರೂ ಬದುಕಿ ಬಂದು ಪಡೆದವರು.

ಹಳೇ_ಟ್ರಂಕು

ನನಗೊಂದು ಗೊಂದಲ. ಪೇಪರಿನಲ್ಲಿ 'ಗೌರವ ಕ್ಯಾಪ್ಟನ್' ಅಂತ ಓದುತ್ತೇವಲ್ಲ, ಅವರೂ ಎಸಿಸಿ ದಾರಿಯವರಾ?

ಸುಬೇದಾರ್_ಮಾಮ

ಇಲ್ಲ ತಂಗಿ, ಅದು ಬೇರೆ. ಜೆಸಿಒ ಆಗಿ ಒಳ್ಳೆ ಹೆಸರು ಮಾಡಿದವರಿಗೆ, ಸಾಮಾನ್ಯವಾಗಿ ನೌಕರಿ ಮುಗಿಯುವ ಹೊತ್ತಿಗೆ, ಆಗಸ್ಟ್ 15 ಅಥವಾ ಜನವರಿ 26ರ ಪಟ್ಟಿಯಲ್ಲಿ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಕೊಡುತ್ತಾರೆ. ತುಂಬಾ ಕಮ್ಮಿ ಜನಕ್ಕೆ. ಪಟ್ಟಿ ಬರುವ ಹಿಂದಿನ ರಾತ್ರಿ ಜೆಸಿಒ ಮೆಸ್ಸಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಯಾರಿಗೂ ನಿದ್ದೆ ಬರುವುದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಬೆಳಿಗ್ಗೆ ಪರೇಡಿಗೆ ಹೋದೆ, ಜಿಲೇಬಿ ತಿಂದೆ.

ಕರಮ್ ಸಿಂಗ್ ಸಾಬ್ ಅವರನ್ನ ನೋಡಿ. ಸಿಖ್ ರೆಜಿಮೆಂಟಿನ ಸಿಪಾಯಿ. ಬರ್ಮಾದಲ್ಲಿ ಬ್ರಿಟಿಷರಿಂದ ಮಿಲಿಟರಿ ಮೆಡಲ್. 1948ರ ಅಕ್ಟೋಬರ್ 13ಕ್ಕೆ ಟಿಥ್ವಾಲ್‌ನಲ್ಲಿ ಲ್ಯಾನ್ಸ್ ನಾಯಕ್ ಆಗಿದ್ದಾಗ ಪರಮವೀರ ಚಕ್ರ. ಒಂದೇ ಎದೆ ಮೇಲೆ ಎರಡು ಸರ್ಕಾರದ ಶೌರ್ಯ ಪದಕ. ನಿವೃತ್ತಿ ಆಗಿದ್ದು ಗೌರವ ಕ್ಯಾಪ್ಟನ್. ಸಿಯಾಚಿನ್‌ನ ಬಾನಾ ಸಿಂಗ್ ಸಾಬ್ ಕೂಡ ಹಾಗೇ. 1987ರಲ್ಲಿ ಹಿಮದ ಗೋಡೆ ಹತ್ತಿ ಪೋಸ್ಟ್ ಹಿಡಿದಾಗ ನಾಯಬ್ ಸುಬೇದಾರ್, ಆ ಶಿಖರಕ್ಕೇ ಈಗ ಬಾನಾ ಟಾಪ್ ಅಂತ ಹೆಸರು.

ಮಡಿಕೇರಿ_ಮಂಜು

ಕಾರ್ಗಿಲ್ ಯುದ್ಧದ ಟೈಗರ್ ಹಿಲ್‌ನ ಯೋಗೇಂದ್ರ ಸಿಂಗ್ ಯಾದವ್ ಅವರನ್ನ ಬಿಟ್ಟಿರಲ್ಲ ಮಾಮ. 19 ವರ್ಷಕ್ಕೆ ಪರಮವೀರ ಚಕ್ರ. ಮೊದಲು ಮರಣೋತ್ತರ ಅಂತ ಘೋಷಣೆ ಆಗಿತ್ತು! ಅದೇ ಹೆಸರಿನ ಇನ್ನೊಬ್ಬ ಸೈನಿಕ ಸತ್ತಿದ್ದರು, ಇವರು ಆಸ್ಪತ್ರೆಯಲ್ಲಿ ಇದ್ದರು. ಅದಕ್ಕೇ ನೋಡಿ ಮೆಡಲ್ ಅಂಚಿನಲ್ಲಿ ಹೆಸರಿಗಿಂತ ಮೊದಲು ನಂಬರ್ ಹಾಕುವುದು. ಅವರೂ 2021ರಲ್ಲಿ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು.

ಲೀಡ್ಸ್_ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಈ ವಿಷಯ ಬಂದರೆ ಎಲ್ಲರೂ ಹೇಳುವುದು ವಿಲಿಯಂ ರಾಬರ್ಟ್‌ಸನ್ ಹೆಸರು. 1877ರಲ್ಲಿ ಕುದುರೆ ಪಡೆಗೆ ಸಿಪಾಯಿಯಾಗಿ ಸೇರಿ 1920ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಬ್ರಿಟಿಷ್ ಸೈನ್ಯದಲ್ಲಿ ಅಷ್ಟು ಕೆಳಗಿಂದ ಅಷ್ಟು ಮೇಲೆ ಹೋದವರು ಅವರೊಬ್ಬರೇ. 1888ರಲ್ಲಿ ಕಮಿಷನ್ ಸಿಕ್ಕ ಮೇಲೆ ಭಾರತಕ್ಕೆ ಬಂದರು. ಬೇರೆ ಆಫೀಸರುಗಳ ಹಾಗೆ ಮನೆಯಿಂದ ದುಡ್ಡು ಬರುತ್ತಿರಲಿಲ್ಲ. ಕ್ಲಬ್ಬಿಗೆ ಹೋಗುವ ಹೊತ್ತಿನಲ್ಲಿ ಉರ್ದು, ಹಿಂದಿ, ಪರ್ಷಿಯನ್, ಪಷ್ತೋ, ಪಂಜಾಬಿ ಕಲಿತರು. ಕನ್ನಡ ಕಲಿಯಲಿಲ್ಲ, ಅದೊಂದು ದೂರು ನನ್ನದು.

ಕುಂದಗೋಳ_ಹುಡುಗ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನಮ್ಮ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರೂ ಇಲ್ಲಿ ಇರಲಿ. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್. 2016ರ ಫೆಬ್ರುವರಿ, ಸಿಯಾಚಿನ್‌ನಲ್ಲಿ ಹಿಮ ಕುಸಿದು ಆರು ದಿನ ಅಡಿಯಲ್ಲಿದ್ದರು. ಜೀವಂತ ತೆಗೆದರು, ಫೆಬ್ರುವರಿ 11ಕ್ಕೆ ದಿಲ್ಲಿಯಲ್ಲಿ ತೀರಿಕೊಂಡರು. ಮರುವರ್ಷ ಸೇನಾ ಮೆಡಲ್. ಅವರು ಮುಂದೆ ಹವಾಲ್ದಾರ್ ಆಗುತ್ತಿದ್ದರು, ಸುಬೇದಾರ್ ಆಗುತ್ತಿದ್ದರು. ಅವತ್ತು ಹುಬ್ಬಳ್ಳಿಯಿಂದ ಊರಿನವರೆಗೆ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ನಾನೂ ನಿಂತಿದ್ದೆ.

ರಿಬ್ಬನ್_ರಂಗ

ಕುಂದಗೋಳದವರೇ, ಬರೆದಿದ್ದು ಒಳ್ಳೆಯದಾಯಿತು.

ಟ್ರಂಕು ಅಕ್ಕ, ಒಂದು ಎಚ್ಚರಿಕೆ. ನಾಳೆಯಿಂದ ಯಾರಾದರೂ ಮೆಸೇಜ್ ಮಾಡಿ "ಇಷ್ಟು ಕೊಡುತ್ತೇನೆ, ಮೆಡಲ್ ಕೊಡಿ" ಅನ್ನಬಹುದು. ಆರನ್ನೂ ಒಟ್ಟಿಗೆ ಇಡಿ. ನಾಯಕ್, ಹವಾಲ್ದಾರ್, ಸುಬೇದಾರ್ ಮೂರು ಅಂಚೂ ಒಟ್ಟಿಗೆ ಇದ್ದರೇ ಅದು ಒಬ್ಬ ಮನುಷ್ಯನ ಕಥೆ. ಬಿಡಿಸಿದರೆ ಆರು ಬಿಲ್ಲೆ. ಫ್ರೇಮ್ ಹಾಕಿಸುವುದಾದರೆ ಭಾರತದ ಮೆಡಲ್‌ಗಳು ಮೊದಲು, ಬ್ರಿಟಿಷರದ್ದು ಆಮೇಲೆ. ಅಂಟು ಹಾಕಬೇಡಿ, ದಾರದಲ್ಲಿ ಕಟ್ಟಿಸಿ. ಅಂಚು ಓದುವ ಹಾಗಿರಲಿ.

ಹಳೇ_ಟ್ರಂಕು

ಯಾರಿಗೂ ಕೊಡುವುದಿಲ್ಲ ಅಣ್ಣ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ನಿನ್ನೆ ರಾತ್ರಿ ಡಬ್ಬ ಮತ್ತೆ ಬೋರಲು ಹಾಕಿ ನೋಡಿದೆ. ತಳದಲ್ಲಿ ಕಾಗದದ ಕೆಳಗೆ ಮೂರು ಸಣ್ಣ ಹಿತ್ತಾಳೆ ನಕ್ಷತ್ರ ಸಿಕ್ಕವು. ಇಷ್ಟು ವರ್ಷ ಅಮ್ಮ ಅವನ್ನ ಕೋಟಿನ ಗುಂಡಿ ಅಂತ ತಿಳಿದಿದ್ದಳು. ಮಾಮ, ಒಂದು ತುಂಬಾ ಸವೆದಿದೆ, ಎರಡು ಹೊಸದರ ಹಾಗಿವೆ. ಇವು ಹೆಗಲಿನವಾ?

ಸುಬೇದಾರ್_ಮಾಮ

ಹೆಗಲಿನವೇ. ಜಮಾದಾರಿಗೆ ಒಂದು, ಸುಬೇದಾರಿಗೆ ಎರಡು. ಸವೆದದ್ದು ಜಮಾದಾರ್ ಆದಾಗಿನದ್ದು ಇರಬೇಕು. ಮೊದಲ ಸ್ಟಾರನ್ನ ದಿನಾ ಉಜ್ಜುತ್ತೇವೆ, ನಾನೂ ಉಜ್ಜಿದ್ದೇನೆ. ಅದನ್ನ ಫ್ರೇಮಿನಲ್ಲಿ ಮೆಡಲ್‌ಗಳ ಕೆಳಗೆ ಮಧ್ಯದಲ್ಲಿ ಹಾಕಿಸಿ.

ಪ್ರಶ್ನೆ_ಪರಮೇಶಿ

ಎಲ್ಲ ಸರಿ. ಆ ನೆನೆಹಾಕಿದ ಹುಣಸೆಹಣ್ಣು ಏನಾಯಿತು?

ಹಳೇ_ಟ್ರಂಕು

ಸಾರಿಗೆ ಹೋಯಿತು.